ಉಪ್ಪಳದಲ್ಲಿ ಗಾಡಿ ನೋಡಲು ಹೋದದ್ದು

ಅಂದುಞಿಯ ಶೆಡ್ಡಿನಲ್ಲಿ, ಒಣಮೀನಿನ ಗೋಣಿಗಳ ಆಚೆ,
ಟಾರ್ಪಾಲು ಸರಿಸಿದಾಗ ಮೊದಲು ಕಂಡದ್ದು ಮೂತಿ.
ಕಡುನೀಲಿ. ಬಾನೆಟ್ಟಿನ ಮೇಲೆ ಬೆಕ್ಕು ಮಲಗಿದ ಗುರುತು.
ಹಿಂದೆ ಬರೆದ ಹೆಸರಿನಲ್ಲಿ ಎರಡಕ್ಷರ ಉದುರಿ
ಉಳಿದದ್ದು ಯಾವ ಭಾಷೆಗೂ ಸೇರದ ಒಂದು ಶಬ್ದ.
ನಮ್ಮ ಊರಿಗೆ ಸರಿಹೋಯಿತು, ಅಂದುಕೊಂಡೆ.

"ಐತ್ತಪ್ಪಣ್ಣ, ಇದು ಸುಮ್ಮನೆ ಕಾರಲ್ಲ ಮಾರಾಯ್ರೆ.
ಸಾವಿರದ ಎಂಟುನೂರು ಸಿಸಿ, ಟರ್ಬೊ,
ನೂರೈವತ್ತು ಕುದುರೆ," ಎಂದ ಅಂದುಞಿ,
ಅಷ್ಟಕ್ಕೂ ತಾನೇ ಹುಲ್ಲು ಹಾಕಿ ಸಾಕಿದವನ ಹಾಗೆ.
ಸೊನ್ನೆಯಿಂದ ನೂರಕ್ಕೆ ಒಂಬತ್ತು ಸೆಕೆಂಡು.
ನೆಲಕ್ಕೂ ಹೊಟ್ಟೆಗೂ ನಡುವೆ ಗೇಣು ಕೂಡ ಇಲ್ಲ,
ಬಂದ್ಯೋಡಿನ ಹಂಪನ್ನು ಓರೆಯಾಗಿಯೇ ಹತ್ತಬೇಕು.
ಲೀಟರಿಗೆ ಹನ್ನೆರಡು ಎಂದರೆ ಹತ್ತು.
ಓಡಿದ್ದು ಎಂಬತ್ತೆರಡು ಸಾವಿರ, ಮೀಟರು ಹೇಳುವುದು.
ಕ್ಲಚ್ಚಿನ ಪೆಡಲಿನ ರಬ್ಬರು ಸವೆದು ನುಣುಪಾಗಿ
ಬೇರೆಯೇ ಲೆಕ್ಕ ಹೇಳುತ್ತಿತ್ತು.

ಕೇಳಿಸಿಕೊಂಡೆ. ನನಗೆ ಬಾಯಿಪಾಠ ಇರುವ ಅಂಕಿಗಳು ಬೇರೆ.
ಕಾಸರಗೋಡಿನಿಂದ ಮಂಗಳೂರಿಗೆ ಐವತ್ತು ಕಿಲೊಮೀಟರು:
ಎದೆನೋವಿನವರಾದರೆ ಮೂವತ್ತೆಂಟು ನಿಮಿಷ,
ಹೆರಿಗೆಯಾದರೆ ಐವತ್ತು, ಗುಂಡಿ ತಪ್ಪಿಸಬೇಕಲ್ಲ.
ಬಾವಿಗೆ ಬಿದ್ದ ಹುಡುಗನನ್ನು ಒಯ್ದಾಗ
ಗಡಿಯಾರ ನೋಡಿದ ನೆನಪೇ ಇಲ್ಲ.
ವಾಪಸು ಬರುವಾಗ ಅವಸರ ಮುಗಿದವರೂ ಇರುತ್ತಾರೆ,
ಅವರಿಗೆ ಸೈರನ್ ಹಾಕುವುದಿಲ್ಲ.
ಗಡಿಗೆ ಮಣ್ಣು ಸುರಿದ ಆ ವರ್ಷ
ತಲಪಾಡಿಯಲ್ಲಿ ಎಂಜಿನ್ ಚಾಲೂ ಇಟ್ಟು ಕಾದದ್ದುಂಟು.
ಎಷ್ಟು ಹೊತ್ತೆಂದು ಯಾವ ಮೀಟರೂ ಬರೆದಿಡಲಿಲ್ಲ.

"ಬೂತಾಯಿ ತರಲಿಕ್ಕೆ ನೂರೈವತ್ತು ಕುದುರೆ ಯಾಕೆ?"
ವಾರಿಜ ಕೇಳಿದ್ದು ನ್ಯಾಯವೇ.
ಹತ್ತೊಂಬತ್ತು ವರ್ಷ ವೇಗವಾಗಿಯೇ ಓಡಿಸಿದ್ದೇನೆ,
ಒಮ್ಮೆಯಾದರೂ ಸುಮ್ಮನೆ ವೇಗವಾಗಿ ಹೋಗಬೇಕು,
ಹಿಂದೆ ಯಾರೂ ಮಲಗಿರಬಾರದು,
ಎಂದು ಹೆಂಡತಿಗೆ ಹೇಳುವುದು ಹೇಗೆ?
ಡಿಕ್ಕಿ ದೊಡ್ಡದುಂಟು, ಎಂದೆ.

ಬೆಳಗ್ಗೆ ಆರು. ಹೊಸ ಹೆದ್ದಾರಿಯ ಡಾಂಬರು ಇನ್ನೂ ಕಪ್ಪು.
ಮೂರನೇ ಗೇರಿನಲ್ಲಿ ಮುಳ್ಳು ಎರಡು ಸಾವಿರ ದಾಟಿದ್ದೇ ಟರ್ಬೊ ಎದ್ದಿತು,
ಯಾರೋ ಬೆನ್ನಿಗೆ ಅಂಗೈ ಇಟ್ಟು
ಹೂಂ, ನಡಿ, ಎಂದ ಹಾಗೆ.
ಸ್ಟೇರಿಂಗು ಗಟ್ಟಿ. ತಿರುವಿನಲ್ಲಿ ಮೈ ವಾಲುವುದಿಲ್ಲ.
ನಾಲ್ಕು. ಐದು. ಹೊಸಂಗಡಿಯ ದೀಪಗಳು
ಒಂದೇ ಗೆರೆಯಾಗಿ ಹಿಂದೆ ಹೋದವು.

ಆಮೇಲೆ ಒಂದು ಮೀನಿನ ಲಾರಿ, ಐಸಿನ ನೀರು ಸೋರಿಸುತ್ತ,
ಬಲಗಡೆಯೇ ಹಿಡಿದು ಹೊರಟದ್ದು.
ಕೈ ತಾನಾಗಿ ಸೈರನ್ನಿನ ಸ್ವಿಚ್ಚಿಗೆ ಹೋಯಿತು,
ಸಿಕ್ಕಿದ್ದು ಏಸಿಯ ಗುಬ್ಬಿ.
ತಣ್ಣನೆಯ ಗಾಳಿ ಮುಖಕ್ಕೆ ಬಂತು. ಲಾರಿ ಸರಿಯಲಿಲ್ಲ.
ಯಾಕೆ ಸರಿಯಬೇಕು, ನಾನು ಯಾರು?
ಹಿಂದೆಯೇ ಹೋದೆ. ಲಾರಿಯ ಬೆನ್ನಿನ ಬರಹವನ್ನು
ಇಷ್ಟು ವರ್ಷದಲ್ಲಿ ಮೊದಲ ಸಲ ಪೂರ್ತಿ ಓದಿದೆ:
ಅಮ್ಮ ಎಂದು, ಮೂರು ಲಿಪಿಗಳಲ್ಲಿ,
ಮೂರನೆಯದರ ಬಣ್ಣ ಮುಗಿದು ಅರ್ಧಕ್ಕೇ ನಿಂತಿತ್ತು.

ಕನ್ನಡಿಯಲ್ಲಿ ನೋಡಿದೆ, ಅಭ್ಯಾಸ.
ಪಾದಗಳಿಲ್ಲ. ಬಾಟಲಿ ಎತ್ತಿ ಹಿಡಿದ ಕೈಯಿಲ್ಲ.
ಹಿಂದಿನ ಸೀಟಿನಲ್ಲಿ ಅಂದುಞಿಯ ಕೊಡೆ ಒರಗಿತ್ತು,
ಆರೋಗ್ಯವಾಗಿ.

ಲಾರಿ ಕುಂಜತ್ತೂರಿಗೆ ಇಳಿಯಿತು. ರಸ್ತೆ ಖಾಲಿ.
ನೂರಕ್ಕೆ ಏರಿಸಿ, ಹೇಳದೆ ಕೇಳದೆ,
ಪೂರಾ ಬ್ರೇಕು ತುಳಿದೆ.
ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಇಲ್ಲ, ನೆಟ್ಟಗೆ ನಿಂತಿತು.
"ಪಡಚ್ಚೋನೇ!" ಅಂದುಞಿ ಬೆಲ್ಟು ಹಿಡಿದುಕೊಂಡು
ನನ್ನ ಮುಖ ನೋಡಿದ. "ಬೇಡವಾ ಹಾಗಾದ್ರೆ?"

ಹಿಂದಿನ ಎಡಚಕ್ರದಲ್ಲಿ ಬೇರಿಂಗು ಗುಂಯ್ ಅನ್ನುತ್ತದೆ,
ಹತ್ತು ಸಾವಿರ ಕಡಿಮೆ ಮಾಡು, ಎಂದೆ.
ಎರಡು ವರ್ಷ ಇಟ್ಟುಕೊಂಡವನಿಗೆ ಕೇಳಿಸದ ಸದ್ದು
ನಿಮಗೆ ಹೇಗೆ ಕೇಳಿತು?
ಸೈರನ್ ಇರಲಿಲ್ಲವಲ್ಲ.

ಎಂಟಕ್ಕೆ ಒಪ್ಪಿದ.